ವಿಳಂಬ ಲಯ, ಆಧಾರ ಷಡ್ಜ ಮತ್ತು ಭಾವ: ಅಮೀರ್ ಖಾನ್ ಅವರ ಮಾರವಾ ಧ್ವನಿಮುದ್ರಿಕೆಯ ಒಂದು ವಿವೇಚನೆ

1. ಪ್ರವೇಶ

ಧ್ವನಿಮುದ್ರಿತ ಸಂಗೀತವನ್ನು ವರ್ಗೀಕರಿಸುವ ಇಂದಿನ ಗಣಕೀಕೃತ ಪದ್ಧತಿಗಳಲ್ಲಿ ಪ್ರತಿಯೊಂದು ಮುದ್ರಿಕೆಯ ಎದುರು ಮೂರು ಲಕ್ಷಣಗಳನ್ನು ನಮೂದಿಸುವ ರೂಢಿ ಬೆಳೆದಿದೆ. ಅವು ಟೆಂಪೊ, ಕೀ ಮತ್ತು ಮೂಡ್. ಇವುಗಳನ್ನು ಕನ್ನಡದಲ್ಲಿ ಹೇಳಬೇಕಾದಾಗ ಲಯ, ಶ್ರುತಿ, ಭಾವ ಎಂಬ ಪದಗಳು ಸಹಜವಾಗಿಯೇ ಮುಂದೆ ಬರುತ್ತವೆ. ಆದರೆ ಈ ಮೂರೂ ಪದಗಳು ಖಾಲಿ ಪಾತ್ರೆಗಳಲ್ಲ. ಇವುಗಳ ಹಿಂದೆ ಲಕ್ಷಣಗ್ರಂಥಗಳ ದೀರ್ಘ ಚರ್ಚೆಯಿದೆ, ಗಾಯಕರ ಬಳಕೆಯಿದೆ. ಪಾಶ್ಚಾತ್ಯ ಸಂಗೀತಕ್ಕಾಗಿ ರೂಪುಗೊಂಡ ಪರಿಕಲ್ಪನೆಗಳನ್ನು ಈ ಪದಗಳಲ್ಲಿ ತುಂಬಿದಾಗ ಪದ ನಮ್ಮದಾಗಿಯೇ ಉಳಿದು ಅರ್ಥ ಬೇರೆಯದಾಗುತ್ತದೆ.

ಇದು ಕೇವಲ ಪಾರಿಭಾಷಿಕ ಪದಗಳ ಸಮಸ್ಯೆಯಲ್ಲ. ಹಳೆಯ ಮುದ್ರಿಕೆಗಳನ್ನು ಗಣಕಕ್ಕೆ ಅಳವಡಿಸುವ ಕಾರ್ಯ ನಡೆದಿರುವ ಸಂದರ್ಭದಲ್ಲಿ, ಯಾವ ಶೀರ್ಷಿಕೆಯ ಕೆಳಗೆ ಏನನ್ನು ಬರೆದಿಡಲಾಗುತ್ತದೆ ಎಂಬುದು ಮುಂದಿನ ಅಧ್ಯಯನದ ದಿಕ್ಕನ್ನೇ ನಿರ್ಧರಿಸಬಲ್ಲದು. ಬರೆದಿಡದೆ ಬಿಟ್ಟದ್ದು ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ಹಿಂದೂಸ್ತಾನಿ ಸಂಗೀತದ ಒಂದು ಪ್ರಸಿದ್ಧ ವಿಳಂಬ ಗಾಯನದ ಮುದ್ರಿಕೆಯನ್ನು ಆಧಾರವಾಗಿಟ್ಟುಕೊಂಡು ಲಯ, ಶ್ರುತಿ ಮತ್ತು ಭಾವಗಳ ಪರಸ್ಪರ ಸಂಬಂಧವನ್ನು ಪರಿಶೀಲಿಸುತ್ತದೆ. ಈ ಮೂರೂ ಬಿಡಿಬಿಡಿಯಾದ ಗುಣಗಳಲ್ಲ, ಭಾವವೆಂಬುದು ಉಳಿದೆರಡರ ನಡುವಣ ಸಂಬಂಧದಿಂದ ಹುಟ್ಟುವಂಥದು ಎಂಬುದು ಇಲ್ಲಿನ ಪ್ರತಿಪಾದನೆ.

2. ಮುದ್ರಿಕೆ ಮತ್ತು ಅದರ ಪರಂಪರೆ

ಅಮೀರ್ ಖಾನ್ (1912–1974) ಇಂದೋರಿನ ಪರಿಸರದಲ್ಲಿ ಬೆಳೆದ ಗಾಯಕರು. ಅವರ ಮಾರವಾ ಮತ್ತು ದರಬಾರಿ ರಾಗಗಳ ಗಾಯನವನ್ನು ಒಂದೊಂದು ಬದಿಯಲ್ಲಿ ಅಡಕಗೊಳಿಸಿದ ದೀರ್ಘವಾದನ ತಟ್ಟೆಯನ್ನು ಎಚ್‌ಎಮ್‌ವಿ ಸಂಸ್ಥೆಯು 1960ರಲ್ಲಿ ಹೊರತಂದಿತು. ಒಂದೊಂದು ಬದಿಯ ಅವಧಿ ಇಪ್ಪತ್ತು ನಿಮಿಷಗಳ ಆಸುಪಾಸಿನದು. ಮಾರವಾದ ಬದಿಯಲ್ಲಿ ಮೊದಲು ಝೂಮ್ರಾ ತಾಳದ ಬಡಾಖಯಾಲ್, ಅನಂತರ ತೀನತಾಳದ ದ್ರುತ ರಚನೆ ಇವೆ.

ಈ ಗಾಯನದ ಅತಿವಿಳಂಬ ಗತಿಯ ಹಿಂದೆ ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಪ್ರಭಾವವಿರುವುದನ್ನು ಸಂಗೀತ ವಿದ್ವಾಂಸರು ಗುರುತಿಸಿದ್ದಾರೆ. ಇದೇ ಘರಾಣೆಯ ಇನ್ನೊಂದು ಕವಲು ಅಬ್ದುಲ್ ಕರೀಂ ಖಾನರಿಂದ (1872–1937) ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಹರಿದುಬಂದಿತು. ಆದುದರಿಂದ ಸ್ವರವನ್ನು ಅವಸರವಿಲ್ಲದೆ ಬಿಡಿಸುವ ಈ ಕ್ರಮ ಉತ್ತರ ಕರ್ನಾಟಕದ ಕೇಳುಗರಿಗೆ ಅಪರಿಚಿತವಾದುದಲ್ಲ.

ಅಬ್ದುಲ್ ಕರೀಂ ಖಾನರ ಕಾಲದ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷಗಳಿಗಿಂತ ತುಸು ಹೆಚ್ಚು ಅವಧಿ ಮಾತ್ರ ಹಿಡಿಸುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ಮುಂದಿಟ್ಟ ದೀರ್ಘವಾದನ ತಟ್ಟೆ ಭಾರತದಲ್ಲಿಯೂ ಬಳಕೆಗೆ ಬಂದ ಮೇಲೆಯೇ ಬಡಾಖಯಾಲ್ ತನ್ನ ಸ್ವಾಭಾವಿಕ ವಿಸ್ತಾರದ ಒಂದಂಶವನ್ನಾದರೂ ಮುದ್ರಿಕೆಯಲ್ಲಿ ಉಳಿಸಿಕೊಳ್ಳಲು ಸಾಧ್ಯವಾಯಿತು. ಆ ದೃಷ್ಟಿಯಿಂದ ಈ ತಟ್ಟೆಯು ವಿಳಂಬ ಗಾಯನದ ಅಧ್ಯಯನಕ್ಕೆ ಮಹತ್ವದ ಆಕರವಾಗಿದೆ.

3. ಲಯ: ಎಣಿಕೆಯೋ ವಿಶ್ರಾಂತಿಯೋ

ಟೆಂಪೊ ಎಂಬುದು ನಿಮಿಷಕ್ಕೆ ಇಷ್ಟು ಬಡಿತ ಎಂಬ ಎಣಿಕೆ. 1815ರಲ್ಲಿ ಮೆಲ್ಜೆಲ್ ಹಕ್ಕುಪತ್ರ ಪಡೆದ ಮೆಟ್ರೊನೋಮ್ ಯಂತ್ರವು ಈ ಎಣಿಕೆಗೆ ಖಚಿತತೆಯನ್ನು ತಂದಿತು. ಇದಕ್ಕೆ ಭಿನ್ನವಾಗಿ, ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ತಾಳಾಧ್ಯಾಯದಲ್ಲಿ ಲಯವನ್ನು ಬಡಿತದ ಮೂಲಕವಲ್ಲದೆ ಬಡಿತದ ಅನಂತರದ ವಿಶ್ರಾಂತಿಯ ಮೂಲಕ ನಿರೂಪಿಸುತ್ತಾನೆ. ಒಂದು ಕ್ರಿಯೆ ಮುಗಿದು ಇನ್ನೊಂದು ತೊಡಗುವವರೆಗಿನ ಬಿಡುವೇ ಅವನ ಪ್ರಕಾರ ಲಯ. ದ್ರುತದ ವಿಶ್ರಾಂತಿಯನ್ನು ಇಮ್ಮಡಿಗೊಳಿಸಿದರೆ ಮಧ್ಯ, ಮಧ್ಯದ ವಿಶ್ರಾಂತಿಯನ್ನು ಇಮ್ಮಡಿಗೊಳಿಸಿದರೆ ವಿಳಂಬಿತ. ಎಣಿಕೆಯ ದೃಷ್ಟಿಯಲ್ಲಿ ನಿಧಾನವೆಂದರೆ ಬಡಿತಗಳ ಕೊರತೆ. ಲಕ್ಷಣಕಾರನ ದೃಷ್ಟಿಯಲ್ಲಿ ನಿಧಾನವೆಂದರೆ ಬಿಡುವಿನ ಸಮೃದ್ಧಿ.

ಝೂಮ್ರಾ 14 ಮಾತ್ರೆಗಳ ತಾಳ. ಇದರ ವಿಭಾಗಗಳು ಕ್ರಮವಾಗಿ 3, 4, 3, 4. ಅತಿವಿಳಂಬದಲ್ಲಿ ಗತಿಯನ್ನು ನಿಮಿಷಕ್ಕೆ 16 ಮಾತ್ರೆಗಳೆಂದು ಉದಾಹರಣೆಗೆ ಇಟ್ಟುಕೊಂಡರೆ ಒಂದು ಮಾತ್ರೆಗೆ 3.75 ಸೆಕೆಂಡು, ಒಂದು ಆವರ್ತನಕ್ಕೆ 52.5 ಸೆಕೆಂಡು ಬೇಕಾಗುತ್ತದೆ. ಕನ್ನಡ ಛಂದಸ್ಸಿನ ವಿದ್ಯಾರ್ಥಿಗೆ ಮಾತ್ರೆಯೆಂದರೆ ಒಂದು ಲಘುವನ್ನು ಉಚ್ಚರಿಸುವ ಕಾಲ. ಇಲ್ಲಿನ ಮಾತ್ರೆಯ ಅವಧಿಯಲ್ಲಿ ಷಟ್ಪದಿಯ ಒಂದು ಪಾದವನ್ನೇ ಓದಿ ಮುಗಿಸಬಹುದು. ಪದ ಒಂದೇ ಆದರೂ ಅನುಭವದ ಪ್ರಮಾಣ ಬೇರೆ ಎಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಎರಡು ಬಡಿತಗಳ ನಡುವಿನ ಅಂತರ ಸುಮಾರು ಎರಡು ಸೆಕೆಂಡುಗಳನ್ನು ಮೀರಿದರೆ ಮನಸ್ಸು ಅವುಗಳನ್ನು ಒಂದೇ ಸರಣಿಯ ಬಡಿತಗಳೆಂದು ಹಿಡಿಯಲು ಕಷ್ಟಪಡುತ್ತದೆ ಎಂಬುದು ಕಾಲಾನುಭವದ ಮನಶ್ಶಾಸ್ತ್ರವು ತೋರಿಸಿಕೊಟ್ಟಿರುವ ಸಂಗತಿ. ಅತಿವಿಳಂಬದ ಮಾತ್ರೆ ಈ ಮಿತಿಯ ಆಚೆಗಿರುತ್ತದೆ. ಹೀಗಾಗಿ ತಬಲಾದ ಠೇಕಾದಲ್ಲಿ ಮಾತ್ರೆಯನ್ನು ಒಡೆದು ತುಂಬುವ ಬೋಲುಗಳು ಅನಿವಾರ್ಯವಾಗುತ್ತವೆ. ಯಂತ್ರವು ಈ ಉಪವಿಭಾಗಗಳನ್ನು ಎಣಿಸಿದರೆ 16ರ ಬದಲು 32 ಅಥವಾ 64 ಎಂಬ ಉತ್ತರ ಬರಬಹುದು. ಆಗ ಅತ್ಯಂತ ನಿಧಾನವಾದ ಗಾಯನವು ಸಾಧಾರಣ ನಡಿಗೆಯ ಹಾಡಿನ ಪಟ್ಟಿಗೆ ಸೇರಿಬಿಡುತ್ತದೆ. ಈ ಮೂರು ಅಂಕಿಗಳಲ್ಲಿ ಯಾವುದೂ ಸಂಪೂರ್ಣ ತಪ್ಪಲ್ಲ; ಆದರೆ ಯಾವುದೊಂದೂ ಲಯವನ್ನು ಪೂರ್ತಿಯಾಗಿ ಹೇಳುವುದಿಲ್ಲ. ಕೇಳುಗನು ಏಕಕಾಲದಲ್ಲಿ ಬೋಲಿನ ಸಣ್ಣ ಅಳತೆಯನ್ನೂ ಸಮ್‌ನಿಂದ ಸಮ್‌ಗೆ ಹರಡಿದ ದೊಡ್ಡ ಅಳತೆಯನ್ನೂ ಅನುಸರಿಸುತ್ತಿರುತ್ತಾನೆ. ಭಾರತೀಯ ಸಂಗೀತದ ಕಾಲಸ್ವರೂಪವನ್ನು ಕುರಿತ ಮಾರ್ಟಿನ್ ಕ್ಲೇಟನ್ ಅವರ 2000ದ ಗ್ರಂಥವು ವಿಳಂಬದ ಈ ಸಂಕೀರ್ಣತೆಯನ್ನು ವಿಸ್ತಾರವಾಗಿ ಚರ್ಚಿಸಿದೆ.

ಅಮೀರ್ ಖಾನರು ಬಯಸುತ್ತಿದ್ದುದು ಸರಳವಾದ, ಸ್ಥಿರವಾದ ಠೇಕಾವನ್ನು. ತಬಲಾ ತನ್ನ ಚಮತ್ಕಾರಗಳನ್ನು ಮೆರೆಯದೆ ಕಾಲವನ್ನು ಕಾಯುತ್ತದೆ. ಗಾಯಕನು ಪ್ರತಿಯೊಂದು ಮಾತ್ರೆಗೂ ಸ್ವರವನ್ನು ಕಟ್ಟಿಹಾಕುವುದಿಲ್ಲ. ಆವರ್ತನದ ಬಹುಭಾಗದಲ್ಲಿ ಸ್ವರಗಳನ್ನು ಬಿಡಿಯಾಗಿ ತೇಲಿಸಿ, ಕೊನೆಯಲ್ಲಿ ಮುಖಡಾವನ್ನು ಹಿಡಿದು ಸಮ್‌ಗೆ ಬರುತ್ತಾನೆ. ಈ ಬಿಡುವಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಲು ಶ್ರುತಿಯ ವಿಚಾರಕ್ಕೆ ಬರಬೇಕಾಗುತ್ತದೆ.

4. ಶ್ರುತಿ: ಆಧಾರ ಷಡ್ಜ ಮತ್ತು ‘ಕೀ’

ಕನ್ನಡದಲ್ಲಿ ಶ್ರುತಿ ಎಂಬ ಪದಕ್ಕೆ ಸಂಗೀತದ ಸಂದರ್ಭದಲ್ಲಿಯೇ ಎರಡು ಅರ್ಥಗಳಿವೆ. ಒಂದು, ಸ್ಥಾಯಿಯನ್ನು 22 ಸೂಕ್ಷ್ಮ ನಾದಾಂತರಗಳಾಗಿ ವಿಭಜಿಸುವ ಶಾಸ್ತ್ರೀಯ ಅರ್ಥ. ಇನ್ನೊಂದು, ‘ಶ್ರುತಿ ಸೇರಿಸು’ ಎಂಬಲ್ಲಿ ಕಾಣುವ ಆಧಾರ ಷಡ್ಜದ ಅರ್ಥ. ‘ಒಂದು ಮನೆ’, ‘ಐದು ಮನೆ’ ಎಂದು ಗಾಯಕರು ಹೇಳುವುದು ಈ ಎರಡನೆಯದನ್ನು. ಪಾಶ್ಚಾತ್ಯರ ‘ಕೀ’ ಇವೆರಡೂ ಅಲ್ಲ. ಅದರಲ್ಲಿ ಆಧಾರಸ್ವರದ ಜೊತೆಗೆ ಮೇಜರ್ ಅಥವಾ ಮೈನರ್ ಎಂಬ ಸ್ವರಶ್ರೇಣಿಯ ನಿರ್ಣಯವೂ ಸೇರಿದೆ. ಒಂದೊಂದು ಕೀಗೆ ಒಂದೊಂದು ಭಾವವನ್ನು ಆರೋಪಿಸಿದ ಶೂಬಾರ್ಟನ ಗ್ರಂಥ 1806ರಲ್ಲಿ ಪ್ರಕಟವಾಯಿತು. ಭಾರತೀಯ ಪದ್ಧತಿಯಲ್ಲಿ ಇಂತಹ ಆರೋಪಕ್ಕೆ ಎಡೆಯಿಲ್ಲ. ಒಂದೇ ರಾಗವನ್ನು ಪುರುಷರು ತಗ್ಗಿನ ಶ್ರುತಿಯಲ್ಲಿಯೂ ಸ್ತ್ರೀಯರು ಏರಿದ ಶ್ರುತಿಯಲ್ಲಿಯೂ ಹಾಡಬಹುದು. ಅದರಿಂದ ರಾಗ ಬದಲಾಗುವುದಿಲ್ಲ.

ಮುದ್ರಿಕೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ತಟ್ಟೆಯ ವೇಗದಲ್ಲಿ ನೂರಕ್ಕೆ 6ರಷ್ಟು ಹೆಚ್ಚಳವಾದರೆ ಶ್ರುತಿ ಸುಮಾರು ಒಂದು ಸ್ವರಸ್ಥಾನದಷ್ಟು ಏರುತ್ತದೆ, 52.5 ಸೆಕೆಂಡಿನ ಆವರ್ತನವೂ 49.5 ಸೆಕೆಂಡಿಗೆ ಇಳಿಯುತ್ತದೆ. ತಟ್ಟೆಯನ್ನು ಗಣಕಕ್ಕೆ ಅಳವಡಿಸುವಾಗ ಯಂತ್ರದ ವೇಗ ಸರಿಯಿಲ್ಲದಿದ್ದರೆ ಶ್ರುತಿ ಮತ್ತು ಲಯಗಳೆರಡರ ಅಂಕಿಗಳೂ ಒಟ್ಟಿಗೆ ತಪ್ಪುತ್ತವೆ. ಹಾಗಿದ್ದರೂ ಕೇಳುಗನು ಅದನ್ನು ಮಾರವಾ ಎಂದೇ ಗುರುತಿಸುತ್ತಾನೆ. ರಾಗದ ಗುರುತು ಷಡ್ಜದ ಎತ್ತರದಲ್ಲಿಲ್ಲ, ಷಡ್ಜದೊಡನೆ ಉಳಿದ ಸ್ವರಗಳು ಇರಿಸಿಕೊಂಡ ಸಂಬಂಧದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

5. ಮಾರವಾದಲ್ಲಿ ಷಡ್ಜದ ಸ್ಥಿತಿ

ಮಾರವಾದ ಸ್ವರಗಳು ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ ಮತ್ತು ಶುದ್ಧ ನಿಷಾದ. ಪಂಚಮ ವರ್ಜ್ಯ. ಭಾತಖಂಡೆಯವರ (1860–1936) ಪದ್ಧತಿಯಲ್ಲಿ ರಿಷಭ ವಾದಿ, ಧೈವತ ಸಂವಾದಿ. ಗಾಯನಕಾಲ ಸೂರ್ಯಾಸ್ತದ ಸಂಧಿಪ್ರಕಾಶ. ಕರ್ನಾಟಕ ಸಂಗೀತದ 53ನೆಯ ಮೇಳವಾದ ಗಮನಶ್ರಮದಿಂದ ಪಂಚಮವನ್ನು ತೆಗೆದರೆ ಇದೇ ಸ್ವರಗಳು ಉಳಿಯುತ್ತವೆ. ಆ ಮೇಳದ ಜನ್ಯವಾದ ಹಂಸಾನಂದಿಯ ಸ್ವರಗಳೂ ಇವೇ.

ಈ ರಾಗದ ವೈಶಿಷ್ಟ್ಯವಿರುವುದು ಷಡ್ಜವನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಮಂದ್ರ ಧೈವತ, ನಿಷಾದಗಳಿಂದ ಷಡ್ಜವನ್ನು ದಾಟಿ ನೇರವಾಗಿ ರಿಷಭಕ್ಕೆ ಹೋಗುವುದು, ಇಳಿಯುವಾಗಲೂ ರಿಷಭದಿಂದ ನಿಷಾದ, ಧೈವತಗಳಿಗೆ ಜಾರುವುದು ಇದರ ಸ್ವಭಾವ. ಷಡ್ಜವು ಬಹುಕಾಲ ಮರೆಯಲ್ಲಿಯೇ ಉಳಿದು, ಒಂದು ಸುದೀರ್ಘ ಸಂಚಾರದ ಕೊನೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಹೀಗೆ ಮರೆಮಾಡಿದಾಗ ಏನಾಗುತ್ತದೆ ಎಂಬುದನ್ನು ಗ್ರಹಭೇದದ ಮೂಲಕ ವಿವರಿಸಬಹುದು. ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ಮಂದ್ರ ಧೈವತದಿಂದ ನಿಷಾದ 2, ಕೋಮಲ ರಿಷಭ 4, ಗಾಂಧಾರ 7, ತೀವ್ರ ಮಧ್ಯಮ 9 ಸ್ಥಾನಗಳ ಅಂತರದಲ್ಲಿವೆ. ಧೈವತವನ್ನೇ ಷಡ್ಜವೆಂದು ಭಾವಿಸಿದರೆ ಇವು ಕ್ರಮವಾಗಿ ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ ಮತ್ತು ಚತುಶ್ರುತಿ ಧೈವತಗಳಾಗುತ್ತವೆ. ಅಂದರೆ ಮೋಹನ ರಾಗದ ಸ್ವರಗಳಾಗುತ್ತವೆ. ಷಡ್ಜವನ್ನು ಬಿಟ್ಟ ಮಾರವಾ ಎಂದರೆ ಧೈವತದ ಮೇಲೆ ನಿಂತ ಮೋಹನ ಎಂದಾಯಿತು. ಗಾಯನದಲ್ಲಿ ಸ್ವರಗಳು ಈ ಹನ್ನೆರಡರ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ ನಿಲ್ಲುವುದಿಲ್ಲವಾದರೂ ವಿನ್ಯಾಸವನ್ನು ಗ್ರಹಿಸಲು ಇಷ್ಟು ಸಾಕು. ಅತ್ಯಂತ ಸಮರಸವಾದ, ಎಲ್ಲಿಯೂ ಘರ್ಷಣೆಯಿಲ್ಲದ ಐದು ಸ್ವರಗಳ ಸಮೂಹವೊಂದು ಕಿವಿಯನ್ನು ಧೈವತದ ಕಡೆಗೆ ಸೆಳೆಯುತ್ತಿರುತ್ತದೆ. ಈ ಸಮೂಹಕ್ಕೆ ಸೇರದ ಏಕೈಕ ಸ್ವರವೆಂದರೆ ನಿಜವಾದ ಷಡ್ಜ. ಧೈವತದಿಂದ ಅದು 3 ಸ್ಥಾನಗಳ ದೂರದಲ್ಲಿದ್ದು, ಮೋಹನದೊಳಗೆ ಬಂದ ಅನ್ಯ ಗಾಂಧಾರದಂತೆ ಕೇಳಿಸುತ್ತದೆ.

ಇನ್ನೊಂದು ಕಡೆ ತಂಬೂರಿಯು ಷಡ್ಜವನ್ನು ಬಿಡದೆ ಮೀಟುತ್ತಿರುತ್ತದೆ. ಪಂಚಮ ವರ್ಜ್ಯವಾದುದರಿಂದ ಮೊದಲ ತಂತಿಯನ್ನು ಪಂಚಮಕ್ಕೆ ಸೇರಿಸದೆ ಸಾಮಾನ್ಯವಾಗಿ ನಿಷಾದಕ್ಕೆ ಸೇರಿಸುವುದರಿಂದ ಷಡ್ಜಕ್ಕೆ ದೊರೆಯುತ್ತಿದ್ದ ಆಸರೆಯೂ ಕಡಿಮೆಯಾಗುತ್ತದೆ. ಗಾಯಕನ ಕಂಠ ಒಂದು ನೆಲೆಯನ್ನು ಸೂಚಿಸಿದರೆ ತಂಬೂರಿ ಬೇರೊಂದು ನೆಲೆಯನ್ನು ನೆನಪಿಸುತ್ತದೆ. ಕೊನೆಗೆ ಕಂಠದಲ್ಲಿ ಷಡ್ಜ ಬಂದಾಗ ಸಮಾಧಾನದೊಡನೆ ಒಂದು ಬಗೆಯ ಅಪರಿಚಿತತೆಯೂ ಬೆರೆತಿರುತ್ತದೆ. ತನ್ನದೇ ಮನೆ ತನಗೆ ಹೊಸದಾಗಿ ಕಾಣಿಸಿದಂತಹ ಅನುಭವವದು.

ಯಂತ್ರಗಳು ಕೀ ನಿರ್ಣಯಿಸುವ ಪ್ರಸಿದ್ಧ ವಿಧಾನವೊಂದು ಕ್ಯಾರಲ್ ಕ್ರುಮ್‌ಹಾನ್ಸಲ್ ಅವರ 1990ರ ಗ್ರಂಥದಲ್ಲಿ ನಿರೂಪಿತವಾಗಿದೆ. ಮುದ್ರಿಕೆಯಲ್ಲಿ ಯಾವ ಸ್ವರ ಎಷ್ಟು ಕಾಲ ಕೇಳಿಸಿತು ಎಂಬುದನ್ನು ಲೆಕ್ಕಹಾಕಿ, 12 ಮೇಜರ್ ಮತ್ತು 12 ಮೈನರ್ ಮಾದರಿಗಳಲ್ಲಿ ಯಾವುದಕ್ಕೆ ಅದು ಹೆಚ್ಚು ಹೊಂದುತ್ತದೆಂದು ನೋಡುವುದು ಇದರ ಕ್ರಮ. ಕಂಠದ ಸ್ವರಗಳನ್ನಷ್ಟೇ ಪರಿಗಣಿಸಿದರೆ ಈ ವಿಧಾನವು ಮಾರವಾದ ಧೈವತವನ್ನು ಆಧಾರಸ್ವರವೆಂದು ಘೋಷಿಸುವ ಸಾಧ್ಯತೆ ಬಲವಾಗಿದೆ. ಇದನ್ನು ಯಂತ್ರದ ದಡ್ಡತನವೆಂದು ತಳ್ಳಿಹಾಕುವಂತಿಲ್ಲ; ಕೇಳುಗನ ಕಿವಿಗೂ ಅದೇ ಸೆಳೆತವಿದೆ. ವ್ಯತ್ಯಾಸವೆಂದರೆ, ಯಂತ್ರವು ಎರಡರಲ್ಲಿ ಒಂದನ್ನು ಆರಿಸಿ ಪ್ರಶ್ನೆಯನ್ನು ಮುಗಿಸುತ್ತದೆ. ಕೇಳುಗನು ಎರಡನ್ನೂ ಹಿಡಿದುಕೊಂಡು ಪ್ರಶ್ನೆಯೊಳಗೇ ಇರುತ್ತಾನೆ. ಈ ಇರುವಿಕೆಯೇ ರಾಗದ ಅನುಭವ.

6. ಭಾವದ ಮೂಲ ಎಲ್ಲಿದೆ?

ನಾಟ್ಯಶಾಸ್ತ್ರದ ಹತ್ತೊಂಬತ್ತನೆಯ ಅಧ್ಯಾಯವು ಪಾಠ್ಯದ ಸಂದರ್ಭದಲ್ಲಿ ಕರುಣಕ್ಕೆ ವಿಳಂಬಿತ ಲಯವನ್ನೂ ಹಾಸ್ಯ, ಶೃಂಗಾರಗಳಿಗೆ ಮಧ್ಯವನ್ನೂ ವೀರ, ರೌದ್ರಾದಿಗಳಿಗೆ ದ್ರುತವನ್ನೂ ವಿಧಿಸುತ್ತದೆ. ನಿಧಾನವೆಂದರೆ ದುಃಖ ಎಂಬ ಸಮೀಕರಣಕ್ಕೆ ಇದು ಆಧಾರವಾಗಿ ಕಾಣಬಹುದು. ಆದರೆ ಇದೇ ತಟ್ಟೆಯ ಇನ್ನೊಂದು ಬದಿಯ ದರಬಾರಿಯನ್ನು ಕೇಳಿದಾಗ ಈ ಸಮೀಕರಣ ನಿಲ್ಲುವುದಿಲ್ಲ. ಗಾಯಕ ಅವರೇ, ಅತಿವಿಳಂಬವೂ ಅದೇ ಬಗೆಯದು, ತಾಳವೂ ಝೂಮ್ರಾ. ಆದರೂ ದರಬಾರಿಯಲ್ಲಿ ನೆಲೆಗೊಂಡ ಗಾಂಭೀರ್ಯವಿದ್ದರೆ ಮಾರವಾದಲ್ಲಿ ನೆಲೆ ಸಿಗದ ತಳಮಳವಿದೆ. ಆದ್ದರಿಂದ ನಿಧಾನಗತಿಯೊಂದೇ ಭಾವವನ್ನು ನಿರ್ಧರಿಸುವುದಿಲ್ಲ.

ಸ್ವರಸಮೂಹವೊಂದೇ ಭಾವಕ್ಕೆ ಕಾರಣವೆನ್ನುವುದೂ ಸಾಧ್ಯವಿಲ್ಲ. ಪೂರಿಯಾ ಮತ್ತು ಸೋಹನಿ ರಾಗಗಳಲ್ಲಿಯೂ ಇವೇ ಆರು ಸ್ವರಗಳಿವೆ. ಪೂರಿಯಾದ ವಾದಿ-ಸಂವಾದಿಗಳು ಗಾಂಧಾರ ಮತ್ತು ನಿಷಾದ. ಇವುಗಳ ಅಂತರ 7 ಸ್ವರಸ್ಥಾನ, ಅಂದರೆ ಷಡ್ಜ-ಪಂಚಮ ಸಂವಾದ. ಸೋಹನಿಯ ಧೈವತ ಮತ್ತು ಮೇಲಿನ ಗಾಂಧಾರಗಳ ಅಂತರವೂ ಅಷ್ಟೇ. ಮಾರವಾದ ರಿಷಭ, ಧೈವತಗಳ ಅಂತರ ಮಾತ್ರ 8. ಸಂವಾದವೆಂದು ಹೆಸರಿದ್ದರೂ ಅಳತೆಯಲ್ಲಿ ಸಂವಾದವಲ್ಲ. ಪೂರಿಯಾ ಮಂದ್ರದಲ್ಲಿ ನೆಲೆಸಿ ಆಳವನ್ನು ತೋರಿದರೆ, ಸೋಹನಿ ತಾರಷಡ್ಜವನ್ನು ಬೇಗನೆ ಮುಟ್ಟಿ ಹೊಳೆಯುತ್ತದೆ. ಸ್ವರಗಳು ಒಂದೇ ಆದರೂ ನಿಲುಗಡೆಗಳು ಬೇರೆಯಾಗಿರುವುದರಿಂದ ಭಾವವೂ ಬೇರೆಯಾಗುತ್ತದೆ.

ಸಾಹಿತ್ಯವೂ ಅಂತಿಮ ನಿರ್ಣಾಯಕವಲ್ಲ. ಮಾರವಾದ ಬಡಾಖಯಾಲಿನ ವಸ್ತು, ಬೇರೆ ನಾಡಿನಲ್ಲಿರುವ ಪ್ರಿಯನಿಗಾಗಿ ಹಂಬಲ. ದ್ರುತ ರಚನೆಯ ವಸ್ತು, ಜ್ಞಾನಕ್ಕೆ ಗುರುವಿನ ಅನಿವಾರ್ಯತೆ. ಒಂದು ವಿರಹ, ಇನ್ನೊಂದು ಉಪದೇಶ. ಎರಡರಲ್ಲಿಯೂ ರಾಗದ ಹಂಬಲ ಮುಂದುವರಿಯುತ್ತದೆ. ಗುರುವಿಲ್ಲದ ಸ್ಥಿತಿಯೂ ಒಂದು ಅಗಲಿಕೆಯೆಂಬಂತೆ ಕೇಳಿಸತೊಡಗುತ್ತದೆ. ಇಲ್ಲಿ ರಾಗವೇ ಸಾಹಿತ್ಯವನ್ನು ವ್ಯಾಖ್ಯಾನಿಸುತ್ತದೆ.

ಹಾಗಾದರೆ ಲಯದ ಪಾತ್ರವೇನು? ಷಡ್ಜವನ್ನು ಮರೆಮಾಡುವ ಕ್ರಿಯೆಗೆ ಕಾಲಾವಕಾಶ ಬೇಕು. ದ್ರುತಗತಿಯಲ್ಲಿ ನಿಷಾದದಿಂದ ರಿಷಭಕ್ಕೆ ಹಾರಿದರೆ ನಡುವೆ ಷಡ್ಜವಿಲ್ಲವೆಂಬುದು ಗಮನಕ್ಕೆ ಬರುವ ಮೊದಲೇ ಸಂಚಾರ ಮುಂದುವರಿದಿರುತ್ತದೆ. ವಿಳಂಬದಲ್ಲಿ ರಿಷಭವು ಹಲವು ಸೆಕೆಂಡುಗಳ ಕಾಲ ತಂಬೂರಿಯ ಷಡ್ಜದ ಪಕ್ಕದಲ್ಲಿಯೇ ನಿಂತಿರುತ್ತದೆ. ಒಂದೇ ಸ್ವರಸ್ಥಾನದ ಆ ಅಂತರ ಕೇಳುಗನಿಗೆ ಸ್ಪಷ್ಟವಾಗುತ್ತದೆ. ಇಳಿಯಬೇಕೆಂಬ ನಿರೀಕ್ಷೆ ಹುಟ್ಟುತ್ತದೆ, ಇಳಿಯದೆ ಉಳಿದಾಗ ಅದು ಹಂಬಲವಾಗುತ್ತದೆ. ಖಂಡಮೇರು ಕ್ರಮವು ಈ ನಿರೀಕ್ಷೆಯನ್ನು ಮತ್ತಷ್ಟು ವಿಸ್ತರಿಸುತ್ತದೆ. ಮೂರು ಸ್ವರಗಳನ್ನು 6 ಬಗೆಯಾಗಿ, ನಾಲ್ಕನ್ನು 24 ಬಗೆಯಾಗಿ ಜೋಡಿಸಬಹುದೆಂಬ ಆ ಪ್ರಸ್ತಾರಪದ್ಧತಿಯನ್ನು ಅಮೀರ್ ಖಾನರು ತಮ್ಮ ಆಲಾಪದ ತಳಹದಿಯನ್ನಾಗಿ ಮಾಡಿಕೊಂಡಿದ್ದರು. ಧೈವತ, ನಿಷಾದ, ರಿಷಭಗಳನ್ನಷ್ಟೇ ಮತ್ತೆ ಮತ್ತೆ ಹೊಸ ಕ್ರಮದಲ್ಲಿ ಹೆಣೆಯುತ್ತ ಹೋದಂತೆ ಷಡ್ಜದ ಅನುಪಸ್ಥಿತಿ ಪುನರುಕ್ತಿಯಾಗದೆ ಗಾಢವಾಗುತ್ತದೆ.

ತಾಳದಲ್ಲಿಯೂ ಇದಕ್ಕೆ ಸಮಾನವಾದ ವಿನ್ಯಾಸವಿದೆ. ಸಮ್ ಕಾಲದ ನೆಲೆ, ಷಡ್ಜ ಸ್ವರದ ನೆಲೆ. ಸಮ್‌ನ ಮೇಲೆ ಷಡ್ಜವೇ ಬರಬೇಕೆಂಬ ನಿಯಮವಿಲ್ಲ. ಮಾರವಾದಂತಹ ರಾಗದಲ್ಲಿ ರಿಷಭ, ಧೈವತಗಳಂತಹ ಪ್ರಬಲ ಸ್ವರಗಳ ಮೇಲೆ ಸಮ್ ಬೀಳುವುದು ಸಹಜ. ಆಗ ಕಾಲವು ತನ್ನ ನೆಲೆಗೆ ಮರಳಿದರೂ ಸ್ವರ ಮರಳಿರುವುದಿಲ್ಲ. ಒಂದು ನಿಮಿಷದ ಹತ್ತಿರದಷ್ಟು ಕಾದು ಬಂದ ಕೇಳುಗನಿಗೆ ಅರ್ಧ ಸಮಾಧಾನ ಮಾತ್ರ ದೊರೆತು ಮುಂದಿನ ಆವರ್ತನ ತೊಡಗುತ್ತದೆ. ಮುಸ್ಸಂಜೆಯ ರಾಗವೆಂದು ಪರಂಪರೆ ಇದನ್ನು ಕರೆದಿರುವುದರ ಔಚಿತ್ಯ ಇಲ್ಲಿ ತಿಳಿಯುತ್ತದೆ. ಹಗಲು ಕೈಬಿಟ್ಟು ಇರುಳು ಇನ್ನೂ ಕೈಹಿಡಿಯದ ಹೊತ್ತಿನ ಸ್ಥಿತಿಯನ್ನು ಈ ರಾಗ ಸ್ವರ ಮತ್ತು ಕಾಲಗಳ ವ್ಯವಸ್ಥೆಯಲ್ಲಿಯೇ ಕಟ್ಟಿಕೊಡುತ್ತದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವಿಳಂಬ ಗಾಯನದ ಮುದ್ರಿಕೆಯಲ್ಲಿ ಗತಿಯ ಅಂಕಿ, ಷಡ್ಜದ ಎತ್ತರ, ಸ್ವರಪಟ್ಟಿ, ಸಾಹಿತ್ಯ ಇವುಗಳಲ್ಲಿ ಯಾವುದೊಂದನ್ನೂ ಭಾವದ ಕಾರಣವೆಂದು ಪ್ರತ್ಯೇಕಿಸಲಾಗದು. ರಾಗವು ಷಡ್ಜದೊಡನೆ ಇಟ್ಟುಕೊಂಡ ದೂರವನ್ನು ಲಯವು ಅನುಭವಕ್ಕೆ ತರುತ್ತದೆ. ಹಾಗೆ ಅನುಭವಕ್ಕೆ ಬಂದ ದೂರವೇ ಭಾವ.

ಆದುದರಿಂದ ಇಂತಹ ಮುದ್ರಿಕೆಗಳನ್ನು ಕನ್ನಡದಲ್ಲಿ ದಾಖಲಿಸುವಾಗ ಲಯದ ಶೀರ್ಷಿಕೆಯಡಿ ತಾಳದ ಹೆಸರು ಹಾಗೂ ಆರಂಭದ ಮತ್ತು ಅಂತ್ಯದ ಆವರ್ತನಗಳ ಅವಧಿಯನ್ನು, ಶ್ರುತಿಯ ಶೀರ್ಷಿಕೆಯಡಿ ಆಧಾರ ಷಡ್ಜವನ್ನು ಹಾಗೂ ತಟ್ಟೆಯನ್ನು ನುಡಿಸಿದ ವೇಗವನ್ನು, ರಾಗದ ಶೀರ್ಷಿಕೆಯಡಿ ವಾದಿ-ಸಂವಾದಿಗಳ ಜೊತೆಗೆ ಗಾಯಕನು ನಿಂತ ಮತ್ತು ದಾಟಿದ ಸ್ವರಗಳನ್ನು ನಮೂದಿಸುವುದು ಉಚಿತ. ಭಾವದ ಶೀರ್ಷಿಕೆಯಡಿ ‘ಶೋಕ’, ‘ಶಾಂತಿ’ ಎಂಬ ಒಂದು ಪದಕ್ಕಿಂತ ಈ ಸಂಬಂಧವನ್ನು ಹೇಳುವ ಒಂದೆರಡು ವಾಕ್ಯಗಳೇ ಮೇಲು. ಅಂಕಿಗಳನ್ನು ಯಂತ್ರ ಒದಗಿಸಬಲ್ಲದು. ಆ ವಾಕ್ಯಗಳನ್ನು ಬರೆಯಲು ತಂಬೂರಿಯ ಷಡ್ಜವನ್ನೂ ಕಂಠದ ಧೈವತವನ್ನೂ ಒಟ್ಟಿಗೆ ಕೇಳಬಲ್ಲ ಕಿವಿಯೂ, ಕೇಳಿದ್ದನ್ನು ಹೇಳಬಲ್ಲ ಭಾಷೆಯೂ ಬೇಕು. ಲಯ, ಶ್ರುತಿ, ಭಾವ ಎಂಬ ಪದಗಳಲ್ಲಿ ಅಂತಹ ಭಾಷೆ ಈಗಾಗಲೇ ಇದೆ. ಅವುಗಳನ್ನು ಅನ್ಯ ಪರಿಕಲ್ಪನೆಗಳ ಬರಿಯ ಪರ್ಯಾಯಗಳನ್ನಾಗಿಸದೆ ಅವುಗಳ ಪೂರ್ಣಾರ್ಥದಲ್ಲಿ ಬಳಸುವುದು ಕನ್ನಡ ಸಂಶೋಧನೆಯ ಹೊಣೆಯಾಗಿದೆ.